ಹವ್ಯಾಸಿ ಎಂಬ ರಿಯಾಯಿತಿ

ಬರೆಯುವವರನ್ನು ಟೀಕಿಸಬಾರದು ಎಂಬ ಒಂದು ಅಲಿಖಿತ ಕಾನೂನು ನಮ್ಮ ಹೊರನಾಡ ಕನ್ನಡ ಕೂಟಗಳಲ್ಲಿ ಬಹಳ ವರ್ಷಗಳಿಂದ ಜಾರಿಯಲ್ಲಿದೆ. ರಾಜ್ಯೋತ್ಸವದ ಊಟದಲ್ಲಿ ಉಪ್ಪು ಹೆಚ್ಚಾಯಿತು ಎನ್ನಬಹುದು. ನಾಟಕದ ನಡುವೆ ಮೈಕು ಕೈಕೊಟ್ಟಿತು ಎನ್ನಬಹುದು. ಪಾರ್ಕಿಂಗ್ ಸಿಗಲಿಲ್ಲವೆಂದು ಸಮಿತಿಯ ಅಧ್ಯಕ್ಷರನ್ನೇ ತರಾಟೆಗೆ ತೆಗೆದುಕೊಳ್ಳಬಹುದು. ಆದರೆ ಸುದ್ದಿಪತ್ರದ ಒಂದು ಲೇಖನದಲ್ಲಿ ತಪ್ಪಿದೆ ಎಂದರೆ ಮಾತ್ರ ಉತ್ತರ ಸಿದ್ಧವಾಗಿರುತ್ತದೆ: "ಪಾಪ, ಅವರೇನು ಸಾಹಿತಿಗಳೇ? ಆಫೀಸು, ಅಡಿಗೆ, ಮಕ್ಕಳ ಸಾಕರ್ ಪ್ರಾಕ್ಟೀಸು ಇವೆಲ್ಲದರ ನಡುವೆ ಕನ್ನಡದಲ್ಲಿ ನಾಲ್ಕು ಸಾಲು ಬರೆದಿದ್ದಾರಲ್ಲ, ಅದೇ ದೊಡ್ಡದು."

ಈ ಉತ್ತರವನ್ನು ನಾವು ಒಪ್ಪುವುದಿಲ್ಲ. ಒಪ್ಪದೆ ಇರುವುದಕ್ಕೆ ಕಾರಣ ಸಾಹಿತ್ಯದ ಮಡಿವಂತಿಕೆ ಅಲ್ಲ. ಈ ಹಾಳೆಗಳನ್ನು ಓದುವವರು ಯಾರು ಎಂಬುದನ್ನು ನಾವು ದಿನವೂ ನಮ್ಮ ಕ್ಲಿನಿಕ್ಕಿನಲ್ಲಿ ನೋಡುತ್ತೇವೆ, ಅದೇ ಕಾರಣ.

ಯಾರು ಓದುತ್ತಾರೆ ಹೇಳಿ? ನಾವು ನೀವು ಅಡುಗೆಮನೆಯ ಕಟ್ಟೆಯ ಮೇಲೆ ಜಂಕ್ ಮೇಲ್ ಜೊತೆಗೆ ಇಟ್ಟು ಮರೆಯುತ್ತೇವೆ. ಓದುವವರು ಆರು ತಿಂಗಳಿಗೆಂದು ಬಂದಿರುವ ನಮ್ಮ ತಂದೆತಾಯಿಗಳು. ಮಗ ಸೊಸೆ ಕೆಲಸಕ್ಕೆ ಹೋದ ಮೇಲೆ, ಮೊಮ್ಮಕ್ಕಳು ಶಾಲೆಗೆ ಹೋದ ಮೇಲೆ, ಫ್ರೀಮಾಂಟ್ ಸನಿವೇಲ್‌ಗಳ ಆ ನಿಶ್ಶಬ್ದ ಬೀದಿಗಳಲ್ಲಿ ಮಾತಾಡಿಸಲು ಒಂದು ನರಪಿಳ್ಳೆ ಇಲ್ಲದಿರುವಾಗ, ಅವರು ಈ ಹಾಳೆಗಳನ್ನು ಮೊದಲಕ್ಷರದಿಂದ ಕೊನೆಯ ಅಕ್ಷರದವರೆಗೆ, ರಿಯಲ್ ಎಸ್ಟೇಟ್ ಜಾಹೀರಾತನ್ನೂ ಬಿಡದೆ ಓದುತ್ತಾರೆ. ಬೆಳಗಾದರೆ ಬಾಗಿಲಿಗೆ ಬೀಳುತ್ತಿದ್ದ ಪ್ರಜಾವಾಣಿಗೆ ಇಲ್ಲಿ ಇದೇ ಬದಲಿ. ಅಚ್ಚಾದದ್ದೆಂದರೆ ಯಾರೋ ಒಬ್ಬ ಬಲ್ಲವರು ಓದಿ, ತಿದ್ದಿ, ಸರಿಯೆಂದು ಒಪ್ಪಿದ ಮೇಲೆ ಬಂದದ್ದು ಎಂಬ ನಂಬಿಕೆಯಲ್ಲಿ ಬೆಳೆದ ತಲೆಮಾರು ಅದು. ನಮ್ಮ ಸುದ್ದಿಪತ್ರಕ್ಕೆ ಅಂಥ ಬಲ್ಲವರು ಯಾರೂ ಇಲ್ಲ. ಬಂದದ್ದನ್ನು ಜೋಡಿಸಿ, ಜೆರಾಕ್ಸ್ ಹೊಡೆದು, ಸ್ಟೇಪಲ್ ಮಾಡಿ, ಅಂಚೆಗೆ ಹಾಕುವ ಇಬ್ಬರು ಸ್ವಯಂಸೇವಕರಿದ್ದಾರೆ, ಅಷ್ಟೆ. ಅವರನ್ನು ದೂರುವುದು ಅನ್ಯಾಯ. ದೂರಬೇಕಾದದ್ದು ಬರೆಯುವವರನ್ನು.

ಮೊದಲು ಸಣ್ಣಪುಟ್ಟ ಚಾಳಿಗಳನ್ನು ಹೇಳಿ ಮುಗಿಸೋಣ. ಇವುಗಳಿಂದ ಯಾರ ಪ್ರಾಣವೂ ಹೋಗುವುದಿಲ್ಲ, ತಾಳ್ಮೆ ಮಾತ್ರ ಹೋಗುತ್ತದೆ. "ನಾನು ಲೇಖಕನಲ್ಲ, ಕೇವಲ ಒಬ್ಬ ಎಂಜಿನಿಯರ್, ಗೆಳೆಯರ ಒತ್ತಾಯಕ್ಕೆ ಮಣಿದು ಬರೆಯುತ್ತಿದ್ದೇನೆ, ತಪ್ಪಿದ್ದರೆ ಓದುಗರು ಕ್ಷಮಿಸಬೇಕು" ಎಂದು ಒಂದಿಡೀ ಪ್ಯಾರಾ ಕ್ಷಮಾಪಣೆಯಿಂದ ಶುರು ಮಾಡುವುದು. ಸ್ವಾಮಿ, ತಪ್ಪಿರಬಹುದೆಂದು ಗುಮಾನಿ ಇದ್ದರೆ ಕಳಿಸುವ ಮುಂಚೆ ನೋಡಿಕೊಳ್ಳಬಾರದೇ? ಇನ್ನು ಯೊಸೆಮಿಟಿ ಪ್ರವಾಸ ಕಥನ. ಶುಕ್ರವಾರ ಸಂಜೆ ಎಷ್ಟು ಗಂಟೆಗೆ ಹೊರಟೆವು, ಯಾವ ಎಕ್ಸಿಟ್‌ನಲ್ಲಿ ಗ್ಯಾಸ್ ಹಾಕಿಸಿದೆವು, ಪುಳಿಯೋಗರೆ ಯಾರು ಕಟ್ಟಿ ತಂದಿದ್ದರು, ಯಾವ ಮಗುವಿಗೆ ಎಲ್ಲಿ ವಾಂತಿಯಾಯಿತು ಎಲ್ಲ ಇರುತ್ತದೆ. ಕೊನೆಗೆ ಹಾಫ್ ಡೋಮ್ ಎದುರು ನಿಂತಾಗ "ಆ ಸೌಂದರ್ಯವನ್ನು ವರ್ಣಿಸಲು ಪದಗಳೇ ಇಲ್ಲ!!!" ಪದಗಳಿಲ್ಲದಿದ್ದ ಮೇಲೆ ಬರೆಯಲು ಕೂತದ್ದೇಕೆ? ಒಂದು ವಾಕ್ಯಕ್ಕೆ ಮೂರು ಆಶ್ಚರ್ಯಚಿಹ್ನೆ ಹಾಕಿದರೆ ಆಶ್ಚರ್ಯ ಮೂರು ಪಟ್ಟಾಗುವುದಿಲ್ಲ. "ಮುಂದಿನ ಸಂಚಿಕೆಗೆ" ಎಂದು ಮುಗಿದು, ಮುಂದಿನ ಸಂಚಿಕೆಯಲ್ಲೂ ಅದರ ಮುಂದಿನದರಲ್ಲೂ ಬಾರದೇ ಹೋದ ಧಾರಾವಾಹಿಗಳ ಗತಿ ಏನಾಯಿತೋ ದೇವರೇ ಬಲ್ಲ. ಒಬ್ಬ ಅಜ್ಜಿ ನಮ್ಮನ್ನು ಕೇಳಿದ್ದುಂಟು: "ಆ ಹುಡುಗಿ ಮದುವೆ ಕಡೆಗೂ ಆಯ್ತೇನಪ್ಪ?"

ಭಾಷೆಯ ಮಾತಿಗೆ ಬಂದರೆ, ಫ್ರೀವೇಯನ್ನು ಫ್ರೀವೇ ಎಂದೇ ಬರೆಯಿರಿ, ಮಾರ್ಟ್‌ಗೇಜನ್ನು ಮಾರ್ಟ್‌ಗೇಜ್ ಎಂದೇ ಬರೆಯಿರಿ, ನಮ್ಮ ಅಭ್ಯಂತರವಿಲ್ಲ. ಅಚ್ಚಗನ್ನಡದ ಹಟ ನಮಗಿಲ್ಲ. ಪದ ಕನ್ನಡದ್ದೇ ಆಗಿದ್ದು ವಾಕ್ಯ ಇಂಗ್ಲಿಷಿನದಾಗಿರುವುದು ನಮಗೆ ತೊಂದರೆ. "ನಾನು ನಿಮ್ಮನ್ನು ಒಂದು ಪ್ರಶ್ನೆಯೊಂದಿಗೆ ಬಿಡುತ್ತೇನೆ" ಎಂದರೆ ಬೆಂಗಳೂರಿನಲ್ಲಿ ಯಾರಿಗೆ ಅರ್ಥವಾಗುತ್ತದೆ? ಇದು ಹೊಸ ಜಗಳವೂ ಅಲ್ಲ. ಮುಳುಗುಂದದ ನಯಸೇನ 1112ರಲ್ಲೇ, ಕನ್ನಡ ಕಾವ್ಯಕ್ಕೆ ಸಂಸ್ಕೃತವನ್ನು ಎರ್ರಾಬಿರ್ರಿ ಬೆರೆಸುವವರನ್ನು ಕಂಡು, ತುಪ್ಪಕ್ಕೆ ಎಣ್ಣೆ ಬೆರೆಸಿದ ಹಾಗಾಯಿತೆಂದು ರೇಗಿದ್ದಾನೆ. ಅದಕ್ಕೂ ಹಿಂದೆ ಹೋದರೆ, ಇಂದು ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೆಲ್ಲ ಹಳೆಯದು 'ಕವಿರಾಜಮಾರ್ಗ', ಕ್ರಿ.ಶ. 850ರ ಸುಮಾರಿನದು. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದರ ವಿಷಯ ಏನು ಗೊತ್ತೇ? ಬರೆಯುವವರು ಮಾಡುವ ದೋಷಗಳು! ಅಲಂಕಾರದ ಮಾತು ಆಮೇಲೆ. ನೃಪತುಂಗನ ಆಸ್ಥಾನದಲ್ಲಿ ಬರೆಯುವವರನ್ನು ತಿದ್ದಬಹುದಾಗಿತ್ತು, ನಮ್ಮ ಕೂಟದಲ್ಲಿ ತಿದ್ದಿದರೆ ಮನಸ್ಸಿಗೆ ನೋವಾಗುತ್ತದೆ.

ಇನ್ನು ಕಳ್ಳತನ. ನಮ್ಮಲ್ಲಿ ಇದಕ್ಕೆ "ಸಂಗ್ರಹ" ಎಂಬ ಗೌರವದ ಹೆಸರಿದೆ. 'ಸುಧಾ'ದಲ್ಲೋ 'ಕಸ್ತೂರಿ'ಯಲ್ಲೋ ಯಾರೋ ಬೆವರು ಸುರಿಸಿ ಬರೆದದ್ದನ್ನು ಪೂರ್ತಿ ಇಳಿಸಿಕೊಂಡು, ಕೆಳಗೆ "ಸಂಗ್ರಹ: ಇಂತಿಂಥವರು, ಸ್ಯಾನ್ ಹೋಸೆ" ಎಂದು ಹಾಕಿಬಿಟ್ಟರೆ ಆಯಿತು. ಬರೆದವರ ಹೆಸರು ಹೋಯಿತು, ಎತ್ತಿಕೊಂಡವರ ಹೆಸರು ಉಳಿಯಿತು. ಈಚೆಗೆ "ಕೃಪೆ: ಅಂತರಜಾಲ" ಎಂಬುದೊಂದು ಸೇರಿಕೊಂಡಿದೆ. ಇದು "ಈ ಹಣ ಎಲ್ಲಿಂದ ಬಂತು?" ಎಂದು ಪೊಲೀಸರು ಕೇಳಿದಾಗ "ಕೃಪೆ: ಮಾರ್ಕೆಟ್ಟು" ಎಂದ ಹಾಗಾಯಿತು. ಅಂತರಜಾಲ ಏನನ್ನೂ ಬರೆಯುವುದಿಲ್ಲ, ಬರೆಯುವವರು ಮನುಷ್ಯರು, ಅವರಿಗೆ ಹೆಸರಿದೆ. (ಯಂತ್ರಕ್ಕೆ ಹೇಳಿ ಬರೆಸಿ, ತಾವೇ ಬರೆದಂತೆ ಕಳಿಸುವವರೂ ಈಗ ಶುರುವಾಗಿದ್ದಾರೆ. ಆ ಬರಹ ನುಣ್ಣಗಿರುತ್ತದೆ, ಅದರಲ್ಲಿರುವ ಇಸವಿಗಳನ್ನು ಮಾತ್ರ ಒಂದೊಂದಾಗಿ ನೋಡಿಕೊಳ್ಳಬೇಕು.)

ಕದಿಯುವುದರ ಇನ್ನೊಂದು ಮುಖ, ದಾನ ಮಾಡುವುದು. ಯಾರೋ ಹೊಸೆದ ನಾಲ್ಕು ಸಾಲನ್ನು ಡಿ.ವಿ.ಜಿ.ಯವರ ಹೆಸರಿಗೆ ಹಚ್ಚುವುದು, ನಿನ್ನೆ ಮೊನ್ನೆ ಬರೆದ ಹಿತವಚನವನ್ನು ಬಸವಣ್ಣನವರ ಲೆಕ್ಕಕ್ಕೆ ಹಾಕುವುದು. 'ಮಂಕುತಿಮ್ಮನ ಕಗ್ಗ'ದಲ್ಲಿ ಇರುವುದು 945 ಪದ್ಯ. ಒಂದೇ ಪುಸ್ತಕ, ಬಹಳ ಮನೆಗಳ ಕಪಾಟಿನಲ್ಲಿದೆ, ತೆಗೆದು ನೋಡಿದರೆ ಅರ್ಧ ಗಂಟೆಯ ಕೆಲಸ. ವಚನಕಾರರಂತೂ ನಮ್ಮ ಅನುಕೂಲಕ್ಕೆ ಅಂಕಿತವನ್ನೇ ಬಿಟ್ಟು ಹೋಗಿದ್ದಾರೆ: ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುವಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಅಂಕಿತವೇ ಇಲ್ಲದ್ದನ್ನು ಬಸವಣ್ಣನವರ ವಚನವೆಂದು ಅಚ್ಚು ಹಾಕುವ ಮುನ್ನ ಒಂದು ಕ್ಷಣ ಅನುಮಾನ ಬರಬೇಡವೇ?

ಅಭಿಮಾನದ ಲೇಖನಗಳದ್ದು ಇನ್ನೊಂದು ಕತೆ. ನವೆಂಬರ್ ಬಂತೆಂದರೆ ಇವು ಸಾಲುಗಟ್ಟುತ್ತವೆ. ಕನ್ನಡ ಲಿಪಿಯನ್ನು ಯುನೆಸ್ಕೋ ಜಗತ್ತಿನ ಲಿಪಿಗಳ ರಾಣಿ ಎಂದು ಘೋಷಿಸಿದೆಯಂತೆ. ಯುನೆಸ್ಕೋ ಲಿಪಿಗಳ ಸೌಂದರ್ಯ ಸ್ಪರ್ಧೆ ನಡೆಸುವುದಿಲ್ಲ. ಭಾರತದಲ್ಲಿ ಅತಿ ಹೆಚ್ಚು ಜ್ಞಾನಪೀಠ ಬಂದಿರುವುದು ಕನ್ನಡಕ್ಕಂತೆ. ಕನ್ನಡಕ್ಕೆ ಬಂದಿರುವುದು ಎಂಟು: 1967ರಲ್ಲಿ ಕುವೆಂಪು ಅವರಿಂದ ಹಿಡಿದು ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಮತ್ತು 2010ನೇ ಸಾಲಿನ ಚಂದ್ರಶೇಖರ ಕಂಬಾರ. ಹಿಂದಿಯ ಲೇಖಕರಿಗೆ ಅದಕ್ಕಿಂತ ಹೆಚ್ಚು ಸಲ ಬಂದಿದೆ. ಇದನ್ನು ಹೇಳಿದರೆ ಕನ್ನಡ ದ್ರೋಹಿ ಎಂದು ಮುಖ ತಿರುಗಿಸುತ್ತಾರೆ. ಎಂಟು ಎಂಬ ಸತ್ಯ ಸಾಲದೇ? ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಇದನ್ನು ಶಾಲೆಯ ಪ್ರಾಜೆಕ್ಟಿನಲ್ಲಿ ಬರೆದು, ಟೀಚರ್ ಹುಡುಕಿ ನೋಡಿ ಕೆಂಪು ಗೆರೆ ಎಳೆದರೆ, ಆಮೇಲೆ ಆ ಮಗು ಅಪ್ಪ ಕನ್ನಡದ ಬಗ್ಗೆ ಹೇಳಿದ ನಿಜವಾದ ಮಾತನ್ನಾದರೂ ನಂಬುತ್ತದೆಯೇ?

ಹೆಮ್ಮೆ ಪಡಲು ಸುಳ್ಳಿನ ಆಸರೆ ಬೇಕಿಲ್ಲ. ಫರ್ಡಿನಾಂಡ್ ಕಿಟೆಲ್ ಎಂಬ ಜರ್ಮನ್ ಪಾದ್ರಿ ದಶಕಗಟ್ಟಲೆ ಕೂತು ಸುಮಾರು 70,000 ಪದಗಳ ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದ, ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಆತನಿಗೆ ಕನ್ನಡ ತಾಯಿನುಡಿಯಲ್ಲ, ಕನ್ನಡನಾಡು ಹುಟ್ಟೂರಲ್ಲ. ಆ ನಿಘಂಟನ್ನು ತೆರೆದು ನೋಡಿ. ಪದದ ಪಕ್ಕದಲ್ಲಿ, ಅದು ಯಾವ ಗ್ರಂಥದಲ್ಲಿ ಸಿಕ್ಕಿತೆಂಬುದಕ್ಕೆ ಸಂಕೇತಾಕ್ಷರ ಕೊಟ್ಟಿದ್ದಾನೆ. ಒಂದು ಪದಕ್ಕೆ ಅಷ್ಟು ಕಾಳಜಿ. ನಾವು ಎರಡು ಪುಟದ ಲೇಖನಕ್ಕೆ "ಎಲ್ಲೋ ಓದಿದ ನೆನಪು" ಎನ್ನುತ್ತೇವೆ.

ಇಲ್ಲಿಯವರೆಗಿನದು ನಗುತ್ತ ಹೇಳುವ ಮಾತು. ಇನ್ನು ಮುಂದಿನದು ಹಾಗಲ್ಲ.

ನಮ್ಮ ಸುದ್ದಿಪತ್ರಗಳಲ್ಲಿ "ಆರೋಗ್ಯ ಭಾಗ್ಯ" ಎಂದೋ "ಮನೆಮದ್ದು" ಎಂದೋ ಒಂದು ಅಂಕಣ ಇದ್ದೇ ಇರುತ್ತದೆ. ಅದನ್ನು ಬರೆಯುವವರು ಸಾಮಾನ್ಯವಾಗಿ ವೈದ್ಯರಲ್ಲ. ವೈದ್ಯರೇ ಬರೆಯಬೇಕೆಂಬ ಪಾಳೇಗಾರಿಕೆ ನಮಗಿಲ್ಲ. ಕೆಮ್ಮಿಗೆ ಶುಂಠಿ ಕಷಾಯ, ಅಜೀರ್ಣಕ್ಕೆ ಓಂಕಾಳು, ಇವನ್ನು ನಾವೂ ಕುಡಿಯುತ್ತೇವೆ. ಆದರೆ ಕಷಾಯದಿಂದ ಶುರುವಾದ ಅಂಕಣ ಎರಡನೇ ಕಂತಿಗೆ ಸಕ್ಕರೆ ಕಾಯಿಲೆಗೆ ಬರುತ್ತದೆ, ಮೂರನೇ ಕಂತಿಗೆ ಹೃದಯಕ್ಕೆ.

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಸಂಗತಿ ಹೇಳುತ್ತೇವೆ. ಮಧ್ಯ ಕರ್ನಾಟಕದ ಕಡೆಯ ಒಬ್ಬ ಹಿರಿಯರು, ಎಪ್ಪತ್ತು ದಾಟಿದವರು, ಮಗಳ ಮನೆಗೆ ಬಂದಿದ್ದರು. ಬಿ.ಪಿ. ಮಾತ್ರೆಯನ್ನು ಹತ್ತು ವರ್ಷದಿಂದ ತಪ್ಪದೆ ನುಂಗುತ್ತಿದ್ದವರು. ಒಂದು ಬೆಳಿಗ್ಗೆ ಬಲಗೈಯಲ್ಲಿ ಲೋಟ ನಿಲ್ಲಲಿಲ್ಲ. ನಮ್ಮ ಎದುರಿಗೆ ಬಂದಾಗ ರಕ್ತದೊತ್ತಡ 210ರ ಮೇಲೆ 120. "ಯಜಮಾನ್ರೇ, ಮಾತ್ರೆ ತಗೊಳ್ತಾ ಇದ್ದೀರಾ?" ಎಂದೆವು. ಮೂರು ವಾರದಿಂದ ಬಿಟ್ಟಿದ್ದರು. ಜೇಬಿನಿಂದ ನಾಲ್ಕಾಗಿ ಮಡಿಸಿದ ಒಂದು ಜೆರಾಕ್ಸ್ ಹಾಳೆ ತೆಗೆದರು. ಇನ್ನೊಂದು ಊರಿನ ಕನ್ನಡ ಸಂಘದ್ದು. ಜೇನಿನಲ್ಲಿ ನೆನೆಸಿದ ಬೆಳ್ಳುಳ್ಳಿ ತಿಂದರೆ ನಲವತ್ತೆಂಟು ದಿನದಲ್ಲಿ ಬಿ.ಪಿ. ಮಾತ್ರೆಯೇ ಬೇಡವಾಗುತ್ತದೆ ಎಂದಿತ್ತು. ಬರೆದವರ ಹೆಸರಿತ್ತು, ಅದರ ಕೆಳಗೆ "ಸಂಗ್ರಹ" ಎಂದೂ ಇತ್ತು. ನಮ್ಮ ಮುಖ ನೋಡಿ ಅವರು ಸಂಕೋಚದಿಂದ ಹೇಳಿದ್ದು ಒಂದೇ ಮಾತು: "ಅಚ್ಚಾಗೈತಲ್ಲ ಡಾಕ್ಟ್ರೇ."

ಕೈ ಮುಕ್ಕಾಲು ಪಾಲು ವಾಪಸ್ಸು ಬಂತು. ಆದರೆ ವಿಸಿಟರ್ ಇನ್ಶೂರೆನ್ಸ್ ಎಂಬುದು ಮೊದಲೇ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಆಸ್ಪತ್ರೆಯ ಬಿಲ್ಲನ್ನು ಮಗಳು ಅಳಿಯ ಇಂದಿಗೂ ಕಂತಿನಲ್ಲಿ ಕಟ್ಟುತ್ತಿದ್ದಾರೆ. ಆ ಅಂಕಣ ಬರೆದವರಿಗೆ ಇದು ಗೊತ್ತೇ ಇಲ್ಲ. ಗೊತ್ತಾಗುವ ದಾರಿಯೂ ಇಲ್ಲ. ವೈದ್ಯನ ತಪ್ಪು ವೈದ್ಯನ ಕಣ್ಣೆದುರಿಗೇ ಬಂದು ಕೂರುತ್ತದೆ. ಬರೆದವನ ತಪ್ಪು ಯಾರದೋ ಮನೆಯಲ್ಲಿ, ಅವನಿಗೆ ಕಾಣದ ಹಾಗೆ ಮಲಗಿರುತ್ತದೆ.

ಅಂಥ ಹಾಳೆ ಹೇಗೆ ಹುಟ್ಟುತ್ತದೆ ಎಂಬುದಕ್ಕೆ ಎಲ್ಲರಿಗೂ ಪರಿಚಿತವಾದ ಒಂದು ಉದಾಹರಣೆ ಇದೆ. "ಒಬ್ಬರೇ ಇರುವಾಗ ಹಾರ್ಟ್ ಅಟ್ಯಾಕ್ ಆದರೆ ಬದುಕುವುದು ಹೇಗೆ?" ಎಂಬ ಬರಹ. ನೀವು ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಬರುತ್ತಿದ್ದೀರಿ, ಎದೆ ನೋವು ಶುರುವಾಯಿತು, ಆಸ್ಪತ್ರೆ ಐದು ಮೈಲಿ ದೂರ. ದೀರ್ಘವಾಗಿ ಉಸಿರೆಳೆದು ಮತ್ತೆ ಮತ್ತೆ ಜೋರಾಗಿ ಕೆಮ್ಮುತ್ತಿರಿ, ಜೀವ ಉಳಿಯುತ್ತದೆ, ಎನ್ನುತ್ತದೆ ಅದು. ಕನ್ನಡದಲ್ಲಿ ನಾವು ಇದನ್ನು ಬೇರೆ ಬೇರೆ "ಸಂಗ್ರಹಕಾರರ" ಹೆಸರಿನಲ್ಲಿ ಕನಿಷ್ಠ ನಾಲ್ಕು ಸಲ ಓದಿದ್ದೇವೆ. ಇಂಗ್ಲಿಷಿನಲ್ಲಿ ಇದು 1999ರಲ್ಲಿ ಇ-ಮೇಲ್ ಮೂಲಕ ಭಾರಿಯಾಗಿ ಹರಡಿತು. ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ಜನರಲ್ ಆಸ್ಪತ್ರೆಯ ಹೆಸರನ್ನು ಹೊತ್ತಿತ್ತು. ಆ ಆಸ್ಪತ್ರೆ ಇದು ತನ್ನದಲ್ಲವೆಂದು ಸಾರಬೇಕಾಯಿತು. ಇ-ಮೇಲಿಗೆ ಹತ್ತುವ ಮೊದಲು ಅದು ಓಡಾಡಿದ್ದು ಎಲ್ಲಿ ಅಂದಿರಿ? ನಮ್ಮದರಂಥದೇ ಸುದ್ದಿಪತ್ರಗಳಲ್ಲಿ! 'ಮೆಂಡೆಡ್ ಹಾರ್ಟ್ಸ್' ಎಂಬುದು ಹೃದ್ರೋಗಿಗಳ ಒಂದು ಸಂಘ. ಅದರ ಒಂದು ಶಾಖೆಯ ಸುದ್ದಿಪತ್ರದಲ್ಲಿ ಬಂದದ್ದನ್ನು ಬೇರೆ ಶಾಖೆಗಳವರು ಒಳ್ಳೆಯ ಮನಸ್ಸಿನಿಂದಲೇ ಎತ್ತಿಕೊಂಡು ಅಚ್ಚು ಹಾಕಿದರು. ಯಾರೂ ಆಸ್ಪತ್ರೆಗೆ ಒಂದು ಫೋನು ಮಾಡಲಿಲ್ಲ.

ಇದರಲ್ಲಿ ಒಂದೆಳೆ ಸತ್ಯವೂ ಇದೆ, ಅಪಾಯ ಇರುವುದೇ ಅಲ್ಲಿ. 1976ರಲ್ಲಿ ಇದೇ ಕ್ಯಾಲಿಫೋರ್ನಿಯಾದ ವೈದ್ಯರು ಒಂದು ವರದಿ ಪ್ರಕಟಿಸಿದರು. ಹೃದಯದೊಳಕ್ಕೆ ಕ್ಯಾಥೆಟರ್ ತೂರಿಸಿ ಪರೀಕ್ಷೆ ಮಾಡುತ್ತಿರುವಾಗ ರೋಗಿಯ ಹೃದಯದ ಬಡಿತ ಹಠಾತ್ತನೆ ಹದಗೆಟ್ಟರೆ, ಎದುರಿಗಿರುವ ವೈದ್ಯರು ಮಾನಿಟರ್ ನೋಡಿಕೊಂಡು "ಕೆಮ್ಮಿ, ಕೆಮ್ಮಿ" ಎಂದು ಹೇಳಿದರೆ, ಶಾಕ್ ಕೊಡುವ ಯಂತ್ರ ಸಿದ್ಧವಾಗುವ ತನಕ ಅರ್ಧ ನಿಮಿಷದಷ್ಟು ಕಾಲ ಎಚ್ಚರ ಉಳಿಯಬಹುದು ಎಂದು. ಟೇಬಲ್ಲಿನ ಮೇಲೆ ಮಲಗಿರುವ ರೋಗಿಯ ಮಾತು ಅದು, ಎಯ್ಟ್ ಎಯ್ಟಿ ಫ್ರೀವೇಯಲ್ಲಿ ಕಾರು ಓಡಿಸುವವರದಲ್ಲ. ಹಾರ್ಟ್ ಅಟ್ಯಾಕ್ ಎಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಮುಚ್ಚಿಕೊಂಡು ಸ್ನಾಯು ಸಾಯುತ್ತಿರುವುದು. ಹೃದಯ ಬಡಿಯುತ್ತಲೇ ಇರುತ್ತದೆ, ಕೆಮ್ಮಿದರೆ ಮುಚ್ಚಿದ ನಾಳ ತೆರೆಯುವುದಿಲ್ಲ. ಬಡಿತವೇ ನಿಂತುಹೋದರೆ ಕೆಲವು ಸೆಕೆಂಡುಗಳಲ್ಲಿ ಎಚ್ಚರ ತಪ್ಪುತ್ತದೆ, ಆಮೇಲೆ ಕೆಮ್ಮುವವರು ಯಾರು? ಅಮೆರಿಕನ್ ಹಾರ್ಟ್ ಅಸೋಸಿಯೇಶನ್ ಇದನ್ನು ಶಿಫಾರಸು ಮಾಡುವುದಿಲ್ಲ. ಮಾಡಬೇಕಾದದ್ದು ಕಾರು ಬದಿಗೆ ನಿಲ್ಲಿಸಿ 911ಕ್ಕೆ ಫೋನು. ಆಂಬ್ಯುಲೆನ್ಸಿನಲ್ಲಿ ಡಿಫಿಬ್ರಿಲೇಟರ್ ಇರುತ್ತದೆ, ಅಲ್ಲೇ ಇ.ಸಿ.ಜಿ. ತೆಗೆದು ಆಸ್ಪತ್ರೆಗೆ ಮುಂಚಿತವಾಗಿ ತಿಳಿಸುತ್ತಾರೆ. ದಕ್ಷಿಣ ಏಷ್ಯಾದವರಾದ ನಮಗೆ ಹೃದ್ರೋಗ ಬೇಗನೆ, ಹೆಚ್ಚಾಗಿ ಬರುತ್ತದೆ. ಅದಕ್ಕೆಂದೇ ಮೌಂಟನ್ ವ್ಯೂನ ಎಲ್ ಕಮೀನೊ ಆಸ್ಪತ್ರೆಯಲ್ಲಿ 2006ರಲ್ಲಿ ಸೌತ್ ಏಷ್ಯನ್ ಹಾರ್ಟ್ ಸೆಂಟರ್ ಶುರುವಾಯಿತು. ಇಂಥ ಜನರ ಕೈಗೆ ಕೆಮ್ಮಿನ ಚೀಟಿ ಕೊಡುವುದೇ?

"ಆದರೂ ಡಾಕ್ಟರೇ, ಸಹಜವಾದದ್ದು, ಸೈಡ್ ಎಫೆಕ್ಟ್ ಇಲ್ಲ" ಎನ್ನುವವರಿದ್ದಾರೆ. 2004ರಲ್ಲಿ ಬೋಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಮಾರುತ್ತಿದ್ದ, ದಕ್ಷಿಣ ಏಷ್ಯಾದಲ್ಲಿ ತಯಾರಾದ 70 ಆಯುರ್ವೇದ ಪದಾರ್ಥಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. 2021ರ ಏಪ್ರಿಲ್‌ನಲ್ಲಿ, ಕೋವಿಡ್ಡಿನ ಎರಡನೇ ಅಲೆಯ ನಡುವೆ, ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಆಕ್ಸಿಜನ್ ಏರುತ್ತದೆಂಬ ಸಲಹೆ ಕರ್ನಾಟಕದ ತುಂಬ ಓಡಾಡಿತು. ಅದಕ್ಕೆ ಆಧಾರವಿಲ್ಲವೆಂದು ಸರ್ಕಾರವೇ ಹೇಳಬೇಕಾಗಿ ಬಂತು. ನಿಂಬೆಹಣ್ಣಿಗಿಂತ ಸಹಜವಾದದ್ದು ಬೇರೆ ಯಾವುದಿದೆ?

ವಿಚಾರಿಸದೆ ದಾಟಿಸುವ ಚಾಳಿ ಆರೋಗ್ಯದ ಮಾತಿಗೆ ಮಾತ್ರ ಸೀಮಿತವಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಕೆಲಸ ಹುಡುಕಿಕೊಂಡು ಬಂದಿದ್ದ ಒಬ್ಬ ಹುಡುಗನನ್ನು ಮಕ್ಕಳ ಕಳ್ಳನೆಂದು ಜನ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿ ಎಂಬ ಹಳ್ಳಿಯಲ್ಲಿ ಇನ್ನೊಂದು. ಹೈದರಾಬಾದಿನ ಕಡೆಯಿಂದ ಬಂದ ಗೆಳೆಯರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟು ಕೊಟ್ಟರು, ಅಷ್ಟೆ ಅವರು ಮಾಡಿದ್ದು. ಮಕ್ಕಳ ಕಳ್ಳರು ಎಂಬ ಸಂದೇಶ ಅವರ ಕಾರಿಗಿಂತ ಮುಂಚೆ ಮುಂದಿನ ಊರು ಮುಟ್ಟಿತು. ರಸ್ತೆಗೆ ಅಡ್ಡ ಹಾಕಿದರು. ಒಬ್ಬ ಯುವ ಎಂಜಿನಿಯರ್ ಅಲ್ಲೇ ಸತ್ತ. ಆ ಸಂದೇಶ ಓಡಿದ ವಾಟ್ಸ್ಆ್ಯಪ್ ಹುಟ್ಟಿದ್ದು 2009ರಲ್ಲಿ, ನಮ್ಮ ಮೌಂಟನ್ ವ್ಯೂನಲ್ಲಿ. 2014ರಲ್ಲಿ ಅದನ್ನು ಕೊಂಡ ಕಂಪನಿ ಇರುವುದು ಮೆನ್ಲೊ ಪಾರ್ಕಿನಲ್ಲಿ. ನಮ್ಮ ಪಾಟ್‌ಲಕ್‌ಗಳಿಗೆ ಬರುವ ಎಷ್ಟೋ ಹುಡುಗರು ಇಂಥ ಕಂಪನಿಗಳಲ್ಲೇ ಕೆಲಸ ಮಾಡುತ್ತಾರೆ. ಆ ಜುಲೈನಲ್ಲಿ ಕಂಪನಿ, ಭಾರತದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಕಡೆಗಿಂತ ಹೆಚ್ಚಿಗೆ ದಾಟಿಸಲಾಗದ ಹಾಗೆ ಕಟ್ಟು ಹಾಕಿತು. ಯಂತ್ರಕ್ಕೆ ಹಾಕಬಹುದಾದ ಕಟ್ಟು ಅದು. ಮುರ್ಕಿಯಲ್ಲಿ ಅದನ್ನು ದಾಟಿಸಿದವರು ದುಷ್ಟರೆಂದು ನಮಗನ್ನಿಸುವುದಿಲ್ಲ. ಗೊತ್ತಿದ್ದವರು ಕಳಿಸಿದರು, ಮಕ್ಕಳ ವಿಷಯ, ತಡ ಮಾಡಬಾರದು ಅಂದುಕೊಂಡರು. ಬೆಳ್ಳುಳ್ಳಿಯ ಹಾಳೆಯನ್ನು ಬರೆದವರೂ ಹಾಗೆಯೇ ಅಂದುಕೊಂಡಿರಬೇಕು. ಜನಕ್ಕೆ ಉಪಕಾರವಾಗಲಿ ಅಂತ.

ಈಗ "ಹವ್ಯಾಸಿ" ಎಂಬ ರಿಯಾಯಿತಿಗೆ ಬರೋಣ. ಕನ್ನಡದಲ್ಲಿ ಬರವಣಿಗೆಯಿಂದ ಹೊಟ್ಟೆ ಹೊರೆದವರು ಎಷ್ಟು ಜನ? ಡಾ. ಎಂ. ಶಿವರಾಂ ಬೆಂಗಳೂರಿನ ವೈದ್ಯರು. ರಾಶಿ ಎಂಬ ಹೆಸರಿನಲ್ಲಿ ಬರೆಯುತ್ತ 1942ರಿಂದ 1967ರವರೆಗೆ, ರೋಗಿಗಳನ್ನೂ ನೋಡಿಕೊಂಡು, 'ಕೊರವಂಜಿ' ಎಂಬ ನಗೆ ಮಾಸಪತ್ರಿಕೆಯನ್ನು ನಡೆಸಿದರು. ಬಿ.ಜಿ.ಎಲ್. ಸ್ವಾಮಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಮೇಷ್ಟರು. ಅವರ 'ಹಸುರು ಹೊನ್ನು' ಏನು? ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥೆ, ನಮ್ಮ ಯೊಸೆಮಿಟಿ ಲೇಖನದ ಹಾಗೆಯೇ ಒಂದು ಪ್ರವಾಸ ಕಥನ! ಊಟದ ತಾಪತ್ರಯವೂ ಅದರಲ್ಲಿದೆ, ನಗುವೂ ಇದೆ. ಆದರೆ ಗಿಡ ಬಂದಾಗ ಗಿಡ ಗಿಡವೇ: ಅದರ ಹೆಸರು, ಎಲೆ, ಹೂವು, ಅವರೇ ಬರೆದ ಚಿತ್ರ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇವರಿಬ್ಬರೂ, ನಮ್ಮ ಲೆಕ್ಕದಲ್ಲಿ, ಹವ್ಯಾಸಿಗಳೇ.

ಮತ್ತೆ ಇಲ್ಲಿ "ಹವ್ಯಾಸಿ" ಎಂದುಕೊಳ್ಳುವವರು ಯಾರು? ಸೋಮವಾರದಿಂದ ಶುಕ್ರವಾರದವರೆಗೆ, ಒಂದು ಸಾಲು ಕೋಡು ಬರೆದರೂ ಇನ್ನಿಬ್ಬರಿಗೆ ತೋರಿಸದೆ ಒಳಕ್ಕೆ ಸೇರಿಸದವರು. ಚಿಪ್ಪಿನ ವಿನ್ಯಾಸವನ್ನು ಕಾರ್ಖಾನೆಗೆ ಕಳಿಸುವ ಮೊದಲು ತಿಂಗಳುಗಟ್ಟಲೆ ಪರೀಕ್ಷೆ ಮಾಡುವವರು. ಇಂಗ್ಲಿಷಿನಲ್ಲಿ ಒಂದು ಪುಟದ ಮೆಮೊ ಬರೆದರೆ ಮೂರು ಸಲ ಓದಿ ಕಳಿಸುವವರು. ಅದೇ ಜನ ಶನಿವಾರ ಕನ್ನಡಕ್ಕೆ ಬಂದಾಗ, ಕೈಗೆ ಸಿಕ್ಕಿದ್ದನ್ನು ಅಂಟಿಸಿ ಕಳಿಸಿ, "ಕನ್ನಡ ಸೇವೆ" ಎನ್ನುತ್ತಾರೆ. ಹಾಗಾದರೆ ಇದರ ಅರ್ಥ, ಕನ್ನಡಕ್ಕೆ ಇಷ್ಟು ಸಾಕು ಎಂದೇ ಅಲ್ಲವೇ? ಟೀಕೆ ಮಾಡಿದರೆ ಬರೆಯುವವರು ನಿಂತುಹೋಗುತ್ತಾರೆ ಎಂಬ ಹೆದರಿಕೆ ಕೆಲವರಿಗಿದೆ. ಬೆಳ್ಳುಳ್ಳಿ ಲೇಖನ ನಿಂತರೆ ನಿಲ್ಲಲಿ. ಆ ಅರ್ಧ ಪುಟದಲ್ಲಿ ಯಾರಾದರೂ ತಮ್ಮ ಅಜ್ಜಿ ಹೇಳುತ್ತಿದ್ದ ಒಂದು ಗಾದೆಯನ್ನು, ಅಜ್ಜಿಯ ಊರಿನ ಹೆಸರು ಸಮೇತ ಬರೆದರೆ ಅದು ಮೇಲು.

ಮದ್ದು ಏನು ಎಂದು ಕೇಳುತ್ತೀರಿ. ನಾವು ಹುಬ್ಬಳ್ಳಿಯಲ್ಲಿ ಎಂ.ಬಿ.ಬಿ.ಎಸ್. ಓದುವಾಗ ಕೇಸ್ ಶೀಟಿನಲ್ಲಿ, ರೋಗಿಯ ಹೆಸರು ವಯಸ್ಸಿನ ಕೆಳಗೆ, ಕಾಯಿಲೆಯ ಮಾತು ಶುರುವಾಗುವ ಮೊದಲೇ, ಒಂದು ಸಾಲು ಬರೆಯಲೇಬೇಕಿತ್ತು: ಇನ್‌ಫಾರ್ಮೆಂಟ್ ಯಾರು, ಎಷ್ಟರ ಮಟ್ಟಿಗೆ ನಂಬಬಹುದು. ರೋಗಿಯೇ ಹೇಳಿದ್ದೋ, ಹೆಂಡತಿ ಹೇಳಿದ್ದೋ, ಊರಿನಿಂದ ಜೊತೆಗೆ ಬಂದ ಪಕ್ಕದ ಮನೆಯವ ಹೇಳಿದ್ದೋ. ಆ ಸಾಲು ಖಾಲಿ ಬಿಟ್ಟರೆ ಮೇಷ್ಟರು ಮುಂದಕ್ಕೆ ಓದುತ್ತಲೇ ಇರಲಿಲ್ಲ, ಹಾಳೆಯನ್ನು ಹಾಗೇ ವಾಪಸ್ಸು ಕೊಡುತ್ತಿದ್ದರು. ಇಲ್ಲಿ ರೆಸಿಡೆನ್ಸಿಗೆ ಬಂದ ಮೇಲೆ ಇನ್ನೊಂದು ಕಲಿಸಿದರು. ರೋಗಿಯ ದಾಖಲೆಯಲ್ಲಿ ತಪ್ಪು ಬರೆದರೆ ಅಳಿಸುವಂತಿಲ್ಲ, ಬಿಳಿ ಬಣ್ಣ ಬಳಿಯುವಂತಿಲ್ಲ. ಹಳೆಯದು ಓದಲು ಬರುವ ಹಾಗೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ ಮಾಡಿ, ತಾರೀಖು ಹಾಕಬೇಕು.

ಈ ಎರಡು ಪದ್ಧತಿಯನ್ನು ಸುದ್ದಿಪತ್ರಕ್ಕೆ ತಂದರೆ ಸಾಕು. ಲೇಖನದ ಕೊನೆಯಲ್ಲಿ ಒಂದು ಸಾಲು: ಇದು ನನಗೆ ಎಲ್ಲಿ ಸಿಕ್ಕಿತು. ಪುಸ್ತಕವಾದರೆ ಹೆಸರು, ಪತ್ರಿಕೆಯಾದರೆ ತಿಂಗಳು ಇಸವಿ, ಚಿಕ್ಕಪ್ಪ ಹೇಳಿದ್ದಾದರೆ "ಚಿಕ್ಕಪ್ಪ ಹೇಳಿದ್ದು". ಚಿಕ್ಕಪ್ಪನ ಮಾತಿಗೂ ಬೆಲೆ ಇದೆ, ಅದು ಚಿಕ್ಕಪ್ಪನದೆಂದು ಓದುವವರಿಗೆ ತಿಳಿದಿರಬೇಕು, ಅಷ್ಟೆ. ಎಲ್ಲಿಂದ ಬಂತೆಂದು ಬರೆಯಲಾಗದ ಮಾತನ್ನು ಅಲ್ಲೇ ಹೊಡೆದುಹಾಕಿ. ಪೂರ್ತಿ ಬೇರೆಯವರದಾದರೆ ಅವರ ಹೆಸರು ಮೇಲೆ, ಅನುಮತಿ ಕೇಳಿದ ಮೇಲೆ. ತಪ್ಪು ಅಚ್ಚಾಗಿದ್ದರೆ ಮುಂದಿನ ಸಂಚಿಕೆಯ ಮೊದಲ ಪುಟದಲ್ಲಿ ತಿದ್ದುಪಡಿ ಬರಬೇಕು, ಕೊನೆಯ ಪುಟದ ಜಾಹೀರಾತಿನ ಮೂಲೆಯಲ್ಲಲ್ಲ. ಬರೆದದ್ದನ್ನು ಒಂದು ವಾರ ಪಕ್ಕಕ್ಕಿಟ್ಟು, ಮನೆಯಲ್ಲಿರುವ ಹಿರಿಯರಿಗೆ ಜೋರಾಗಿ ಓದಿ ಹೇಳಿ. ಇಂಗ್ಲಿಷ್ ವಾಕ್ಯ ಎಲ್ಲಿದೆಯೋ ಅಲ್ಲಿ ಅವರು "ಏನಂದೆ?" ಎನ್ನುತ್ತಾರೆ. ಅದಕ್ಕಿಂತ ಒಳ್ಳೆಯ ಸಂಪಾದಕರು ಈ ಕೊಲ್ಲಿಯ ಸುತ್ತ ಸಿಗುವುದಿಲ್ಲ, ಸಂಬಳವನ್ನೂ ಕೇಳುವುದಿಲ್ಲ.

ಆರೋಗ್ಯದ ವಿಷಯ ಮಾತ್ರ ಇಷ್ಟಕ್ಕೇ ಬಿಡುವಂತಿಲ್ಲ. ನಮ್ಮ ಕೂಟದ ಸದಸ್ಯರಲ್ಲಿ ಮೂವರು ವೈದ್ಯರು ಈ ಕೆಲಸಕ್ಕೆ ಒಪ್ಪಿದ್ದೇವೆ. ಮಾತ್ರೆ, ಕಾಯಿಲೆ, ಪಥ್ಯ ಇವುಗಳ ಪ್ರಸ್ತಾಪವಿರುವ ಯಾವ ಬರಹ ಬಂದರೂ, ಅಚ್ಚಿಗೆ ಹೋಗುವ ಮುನ್ನ ಸಮಿತಿಯವರು ನಮ್ಮಲ್ಲಿ ಒಬ್ಬರಿಗೆ ಕಳಿಸಲಿ. ನಾಲ್ಕು ದಿನದೊಳಗೆ ಓದಿ ಹಿಂದಿರುಗಿಸುತ್ತೇವೆ. ಯುಗಾದಿ ಸಂಚಿಕೆಗೆ ಕಳಿಸುವವರು ಆ ನಾಲ್ಕು ದಿನವನ್ನು ಲೆಕ್ಕಕ್ಕೆ ಹಿಡಿದು ಕಳಿಸಿ. ಕೆಮ್ಮಿನ ಲೇಖನ ಕಳಿಸಬೇಡಿ, ಅದನ್ನು ಓದಿಯಾಗಿದೆ.